ಕಪ್ಪಾದ ಪರದೆಗೆ ಲಿನಕ್ಸ್ ಎಷ್ಟು ಕಾರಣ?

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡ ಹಳೆಯ ಪಿಸಿ ನನ್ನದು: ರೈಜನ್ 5 1600 ಪ್ರೊಸೆಸರ್, ಜಿಟಿಎಕ್ಸ್ 1060 ಕಾರ್ಡ್. ವಿಂಡೋಸ್ 11 ಇದನ್ನು ಒಪ್ಪದ ಕಾರಣ, ಸದಾ ಹೊಸ ಆವೃತ್ತಿ ಕೊಡುತ್ತಲೇ ಇರುವ ರೋಲಿಂಗ್ ಮಾದರಿಯ ಲಿನಕ್ಸ್ ಹಾಕಿಕೊಂಡೆ. ಕೆಲವು ತಿಂಗಳು ಆಟಗಳು ಚೆನ್ನಾಗಿಯೇ ನಡೆದವು. 2025ರ ಡಿಸೆಂಬರ್ ಕೊನೆಯಲ್ಲಿ ಅಪ್‌ಡೇಟ್ ಮಾಡಿದ ಮೇಲೆ ಲಾಗಿನ್ ಪರದೆಯೇ ಬರುತ್ತಿಲ್ಲ. ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಎಂದೂ ನೆಟ್ಟಗಿರುವುದಿಲ್ಲವೆಂದು ಗೆಳೆಯರು ನಗುತ್ತಾರೆ. ಅವರೊಂದಿಗೆ ವ್ಯಾಲೊರಂಟ್ ಆಡಬೇಕು. ಒಬ್ಬನೇ ಇದ್ದಾಗ ಎಲ್ಡನ್ ರಿಂಗ್, ವಿಚರ್ 3. ವಿಂಡೋಸ್‌ಗೆ ಮರಳಲೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಕಾರ್ಡ್ ಸುಟ್ಟಿರುವ ಸಂಭವ ಕಡಿಮೆ, ಆದ್ದರಿಂದ ಸದ್ಯಕ್ಕೆ ಏನನ್ನೂ ಫಾರ್ಮ್ಯಾಟ್ ಮಾಡಬೇಡಿ. ನೀವು ಹೇಳಿರುವ ಸಮಯವೇ ಕಾರಣವನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಜಿಟಿಎಕ್ಸ್ 10 ಸರಣಿಯ ಕಾರ್ಡುಗಳಿಗೆ, ಅವನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ 580ನೆಯ ಶಾಖೆಯೇ ಕೊನೆಯದೆಂದು ತಯಾರಕ ಸಂಸ್ಥೆ ಎನ್‌ವಿಡಿಯಾ 2025ರಲ್ಲಿ ಮೊದಲೇ ಪ್ರಕಟಿಸಿತ್ತು. ಅದೇ ಡಿಸೆಂಬರ್‌ನಲ್ಲಿ ರೋಲಿಂಗ್ ಮಾದರಿಯ ಲಿನಕ್ಸ್ ವಿತರಣೆಯಾದ ಆರ್ಚ್ ಲಿನಕ್ಸ್ 590ನೆಯ ಶಾಖೆಗೆ ಸಾಗಿದಾಗ, ಹಳೆಯ ಕಾರ್ಡುಗಳಲ್ಲಿ ಹೊಸ ಡ್ರೈವರ್ ಲೋಡ್ ಆಗದೆ ಪರದೆಯೇ ಬಾರದಿರಬಹುದೆಂಬ ಎಚ್ಚರಿಕೆಯನ್ನು ತನ್ನ ಸುದ್ದಿ ವಿಭಾಗದಲ್ಲಿ ಹಾಕಿತ್ತು. ಆ ವಿಭಾಗವನ್ನು ಓದಿ ಅಪ್‌ಡೇಟ್ ಮಾಡುವವರು ಎಷ್ಟು ಮಂದಿ ಎಂಬುದು ಬೇರೆ ಮಾತು. ನಿಮ್ಮದು ಆರ್ಚ್ ಅಥವಾ ಅದರ ಮೇಲೆ ಕಟ್ಟಿದ ವಿತರಣೆಯಾಗಿದ್ದರೆ, ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಅಕ್ಷರ ಮಾತ್ರದ ಕನ್ಸೋಲ್‌ಗೆ ಹೋಗಿ, ಹೊಸ ಎನ್‌ವಿಡಿಯಾ ಪ್ಯಾಕೇಜನ್ನು ತೆಗೆದು, ನಿಮ್ಮ ಕರ್ನಲ್‌ನ (ವ್ಯವಸ್ಥೆಯ ತಿರುಳಿನ) ಹೆಡರ್ ಕಡತಗಳೊಂದಿಗೆ 580 ಶಾಖೆಯ ಪ್ಯಾಕೇಜನ್ನು ಆರ್ಚ್ ಬಳಕೆದಾರರ ಭಂಡಾರದಿಂದ (ಎಯುಆರ್) ಹಾಕಿಕೊಳ್ಳಿ. ಕನ್ಸೋಲ್ ಕೂಡ ಬಾರದಿದ್ದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಇದೇ ಕೆಲಸ ಮಾಡಬಹುದು.

ಹಾಗಾದರೆ ಗೆಳೆಯರ ಮಾತು ನಿಜವೇ? ಅರ್ಧ ನಿಜ. ವಿಂಡೋಸ್‌ನಲ್ಲಿಯೂ ಈ ಕಾರ್ಡುಗಳಿಗೆ ಆಟಗಳಿಗೆಂದೇ ಬರುತ್ತಿದ್ದ ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿದೆ. ಭದ್ರತಾ ತಿದ್ದುಪಡಿ ಮಾತ್ರ 2028ರವರೆಗೆ ಬರಲಿದೆ. ಆದರೆ ಅಲ್ಲಿ ಹಳೆಯ ಡ್ರೈವರ್ ಇದ್ದಲ್ಲಿಯೇ ಇದ್ದು ಕೆಲಸ ಮಾಡುತ್ತದೆ, ಏಕೆಂದರೆ ಡ್ರೈವರುಗಳು ಕರ್ನಲ್‌ನೊಂದಿಗೆ ಮಾತಾಡುವ ಕ್ರಮವನ್ನು ಮೈಕ್ರೋಸಾಫ್ಟ್ ವರ್ಷಗಟ್ಟಲೆ ಕೆಡಿಸದೆ ಉಳಿಸುತ್ತದೆ. ಲಿನಕ್ಸ್ ಕರ್ನಲ್‌ನ ಅಭಿವರ್ಧಕರು ಒಳಗಿನ ಆ ಕ್ರಮವನ್ನು ಬೇಕೆಂದಾಗ ಬದಲಿಸುವುದನ್ನೇ ನೀತಿಯಾಗಿ ಇಟ್ಟುಕೊಂಡಿದ್ದಾರೆ: ಮನೆಯ ಗೋಡೆ ಸರಿಸುವವರು ಒಳಗಿನ ಸಾಮಾನುಗಳನ್ನು ತಾವೇ ಸರಿಸಿಡುತ್ತಾರೆ, ಹೊರಗಿನ ಬಡಗಿ ಅಳತೆ ತೆಗೆದು ಮಾಡಿದ ಬಾಗಿಲನ್ನು ಮಾತ್ರ ಪ್ರತಿ ಸಲವೂ ಅವನೇ ಬಂದು ಕೂರಿಸಬೇಕು. ಮೂಲಸಂಕೇತ ತೆರೆದಿಟ್ಟ ಎಎಂಡಿಯ ಡ್ರೈವರ್ 2015ರಲ್ಲಿ 4.2ನೆಯ ಆವೃತ್ತಿಯೊಂದಿಗೆ ಕರ್ನಲ್‌ನ ಒಳಗೇ ಸೇರಿತು, ಇಂಟೆಲ್‌ನದೂ ಒಳಗಿದೆ. ಎನ್‌ವಿಡಿಯಾದ್ದು ಹೊರಗಿನ ಬಾಗಿಲು. ಕಂಪನಿ 2022ರ ಮೇ ತಿಂಗಳಲ್ಲಿ ಕರ್ನಲ್ ಭಾಗದ ಮೂಲಸಂಕೇತವನ್ನು ತೆರೆದಿಟ್ಟರೂ ಅದು 2018ರ ಟ್ಯೂರಿಂಗ್ ಪೀಳಿಗೆ ಮತ್ತು ನಂತರದ ಕಾರ್ಡುಗಳಿಗೆ ಮಾತ್ರ ಅನ್ವಯಿಸುವುದರಿಂದ ನಿಮ್ಮ 1060ಕ್ಕೆ ಅದರ ಪ್ರಯೋಜನವಿಲ್ಲ. ಹೀಗಾಗಿ 'ಲಿನಕ್ಸ್ ಸ್ಥಿರವೇ' ಎಂದು ಕೇಳುವುದಕ್ಕಿಂತ, ನಿಮ್ಮ ಕಾರ್ಡಿನ ಡ್ರೈವರನ್ನು ಯಾರು, ಎಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಒಂದು ವಿಷಯದಲ್ಲಿ ವಿಂಡೋಸ್ ಮುಂದಿದೆಯೆಂದು ಒಪ್ಪಲೇಬೇಕು. ಆಟದ ನಡುವೆ ಜಿಪಿಯು, ಅಂದರೆ ಕಾರ್ಡಿನ ಗ್ರಾಫಿಕ್ಸ್ ಚಿಪ್, ಸಿಕ್ಕಿಕೊಂಡರೆ, ವಿಸ್ತಾ ಆವೃತ್ತಿಯ ಕಾಲದಿಂದಲೂ ಅದು ಸಾಮಾನ್ಯವಾಗಿ 2 ಸೆಕೆಂಡು ಕಾದು, ಜಿಪಿಯುವನ್ನು ಮರುಹೊಂದಿಸಿ, ಡೆಸ್ಕ್‌ಟಾಪನ್ನು ಮರಳಿ ತರುತ್ತದೆ; ಪರದೆ ಒಮ್ಮೆ ಕಪ್ಪಾಗಿ ಬರುತ್ತದೆ, ಆಟ ಬೀಳುತ್ತದೆ, ಆದರೆ ತೆರೆದಿಟ್ಟ ಕಡತ ಉಳಿಯುತ್ತದೆ. ಲಿನಕ್ಸ್‌ನ ಡ್ರೈವರುಗಳೂ ಜಿಪಿಯುವನ್ನು ಮರುಹೊಂದಿಸುತ್ತವೆ. ತೊಡಕಿರುವುದು ಅದರ ಮೇಲಿನ ಪದರದಲ್ಲಿ: ಕಿಟಕಿಗಳನ್ನೆಲ್ಲ ಜೋಡಿಸಿ ಪರದೆಗೆ ಕಳಿಸುವ ಕಂಪೋಸಿಟರ್ ಆ ಹೊಡೆತವನ್ನು ತಾಳದೆ ಬಿದ್ದರೆ, ಈಗಿನ ಲಿನಕ್ಸ್ ಡೆಸ್ಕ್‌ಟಾಪುಗಳು ಚಿತ್ರ ತೋರಿಸಲು ಬಳಸುವ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಅದರ ಆಸರೆಯಲ್ಲಿದ್ದ ಅಪ್ಲಿಕೇಶನ್‌ಗಳೂ ಜತೆಗೇ ಹೋಗುತ್ತವೆ. ಲಿನಕ್ಸ್‌ನ ಡೆಸ್ಕ್‌ಟಾಪುಗಳಲ್ಲಿ ಒಂದಾದ ಕೆಡಿಇ ಪ್ಲಾಸ್ಮಾದ 6ನೆಯ ಆವೃತ್ತಿ ಬಂದ ಮೇಲೆ, ಅಂದರೆ 2024ರ ಫೆಬ್ರವರಿಯಿಂದ, ಕಂಪೋಸಿಟರ್ ಬಿದ್ದು ಎದ್ದರೂ ಕ್ಯೂಟಿ ಎಂಬ ಸಾಧನಸಂಗ್ರಹದಿಂದ ಕಟ್ಟಿದ ಅಪ್ಲಿಕೇಶನ್‌ಗಳು ಉಳಿದುಕೊಳ್ಳುವಂತಾಗಿದೆ. ಎಲ್ಲ ಬಗೆಯ ಅಪ್ಲಿಕೇಶನ್‌ಗಳಿಗೂ ಆ ಭಾಗ್ಯ ಇನ್ನೂ ಬಂದಿಲ್ಲ. ಎನ್‌ವಿಡಿಯಾ ಕಾರ್ಡುಗಳಲ್ಲಿ ವೇಲ್ಯಾಂಡ್ ಬಳಸುವವರನ್ನು ಬಹುಕಾಲ ಕಾಡಿದ ಮಿನುಗಾಟ ಮಾತ್ರ 2024ರ ಮಧ್ಯದಲ್ಲಿ 555ನೆಯ ಡ್ರೈವರ್ ಹೊಸ ಸಿಂಕ್ ಪದ್ಧತಿಯನ್ನು ತಂದ ಮೇಲೆ ಬಹುಪಾಲು ಕಣ್ಮರೆಯಾಯಿತು. ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಸೇರಿಸಬೇಕು: ಎರಡೂ ವ್ಯವಸ್ಥೆಗಳಲ್ಲಿ ಆಟ ನಿಲ್ಲುತ್ತಿದ್ದರೆ ದೋಷ ಡ್ರೈವರಿನದಲ್ಲ, ಪವರ್ ಸಪ್ಲೈ ಅಥವಾ ರ‍್ಯಾಮ್‌ನದಾಗಿರುವ ಸಾಧ್ಯತೆ ಹೆಚ್ಚು. ಎಥೀರಿಯಂ ಎಂಬ ಕ್ರಿಪ್ಟೋಕರೆನ್ಸಿ ಜಾಲ 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ನಡೆಯುತ್ತಿದ್ದ ಮೈನಿಂಗ್ ಕೈಬಿಟ್ಟ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದಿರುವುದನ್ನೂ ಕೊಳ್ಳುವವರು ನೆನಪಿಡಬೇಕು.

ಇನ್ನು ಆಟಗಳು. ವಿಂಡೋಸ್‌ಗೆಂದು ಬರೆದ ಆಟವನ್ನು ಲಿನಕ್ಸ್‌ನಲ್ಲಿ ನಡೆಸುವ ಪ್ರೋಟಾನ್ ಅನ್ನು ವಾಲ್ವ್ ಸಂಸ್ಥೆ 2018ರ ಆಗಸ್ಟ್‌ನಲ್ಲಿ ತನ್ನ ಆಟದಂಗಡಿಯಾದ ಸ್ಟೀಮ್‌ಗೆ ಸೇರಿಸಿತು. ಅದರ ಬುನಾದಿ, ವಿಂಡೋಸ್ ತಂತ್ರಾಂಶಗಳನ್ನು ಬೇರೆ ವ್ಯವಸ್ಥೆಗಳಲ್ಲಿ ನಡೆಸಲು 1993ರಲ್ಲಿ ಶುರುವಾದ ವೈನ್. ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್‌ನ ಕರೆಗಳನ್ನು ಲಿನಕ್ಸ್‌ನಲ್ಲಿಯೂ ನಡೆಯುವ ವಲ್ಕನ್‌ಗೆ ಬದಲಿಸುವ ಡಿಎಕ್ಸ್‌ವಿಕೆ ಅದರ ಮುಖ್ಯ ಅಂಗ. ಹೀಗೆ ನಡುವೆ ಒಬ್ಬ ದುಭಾಷಿ ಇದ್ದರೂ ಅನೇಕ ಆಟಗಳು ವಿಂಡೋಸ್‌ನ ಆಸುಪಾಸಿನ ವೇಗದಲ್ಲಿಯೇ ನಡೆಯುತ್ತವೆ, ಕೆಲವೊಮ್ಮೆ ಆ ದುಭಾಷಿಯಿಂದಲೇ ಒಳ್ಳೆಯದೂ ಆಗುತ್ತದೆ. ಎಲ್ಡನ್ ರಿಂಗ್ ಮತ್ತು ಲಿನಕ್ಸ್ ಮೇಲೆ ನಡೆಯುವ, ಕೈಯಲ್ಲಿ ಹಿಡಿದು ಆಡುವ ವಾಲ್ವ್‌ನ ಸಾಧನ ಸ್ಟೀಮ್ ಡೆಕ್ ಎರಡೂ 2022ರ ಫೆಬ್ರವರಿ 25ರಂದೇ ಹೊರಬಂದವು. ವಿಂಡೋಸ್‌ನಲ್ಲಿ ಆ ಆಟ ಅಲ್ಲಲ್ಲಿ ತಡವರಿಸಿ ಟೀಕೆಗೆ ಗುರಿಯಾಗಿದ್ದಾಗ, ವಾಲ್ವ್‌ನ ಎಂಜಿನಿಯರುಗಳು ಅನುವಾದದ ಪದರದಲ್ಲಿಯೇ ತಿದ್ದುಪಡಿ ಮಾಡಿ ಆ ತಡವರಿಕೆಯನ್ನು ತಗ್ಗಿಸಿದರು. ನಿಮ್ಮ ಕಾರ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆಯಿದೆ: ಈ ಹಳೆಯ ಪೀಳಿಗೆಯಲ್ಲಿ ಡೈರೆಕ್ಟ್‌ಎಕ್ಸ್ 12ರ ಅನುವಾದ ಸೊರಗುತ್ತದೆ. ವಿಚರ್ 3ರಲ್ಲಿ ಡೈರೆಕ್ಟ್‌ಎಕ್ಸ್ 11ರ ಆಯ್ಕೆ ಇದೆ, ಅದನ್ನೇ ಆರಿಸಿಕೊಳ್ಳಿ. ಎಲ್ಡನ್ ರಿಂಗ್‌ಗೆ ಆ ಆಯ್ಕೆಯಿಲ್ಲ, ಚಿತ್ರದ ಗುಣಮಟ್ಟವನ್ನು ತುಸು ಇಳಿಸಬೇಕಾದೀತು. ವಿಂಡೋಸ್ ಪಾಲಿನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿರುವ ಸ್ಟೀಮ್ ಆಟಗಳನ್ನೇ ಲಿನಕ್ಸ್‌ನಿಂದಲೂ ನಡೆಸುವ ಉಳಿತಾಯಕ್ಕೆ ಕೈಹಾಕಬೇಡಿ. ಪ್ರೋಟಾನ್ ತನ್ನ ಫೋಲ್ಡರಿನಲ್ಲಿ ಕೋಲನ್ ಚಿಹ್ನೆಯುಳ್ಳ 'ಸಿ:' ಎಂಬ ಹೆಸರಿನ ಕೊಂಡಿಯನ್ನು ಸೃಷ್ಟಿಸುತ್ತದೆ, ವಿಂಡೋಸ್ ಅಂಥ ಹೆಸರನ್ನು ಒಪ್ಪುವುದಿಲ್ಲ, ಡಿಸ್ಕ್ ಕೆಟ್ಟಿದೆಯೆಂದು ಎರಡೂ ಕಡೆ ದೂರು ಶುರುವಾಗುತ್ತದೆ.

ವ್ಯಾಲೊರಂಟ್ ವಿಷಯದಲ್ಲಿ ಉತ್ತರ ಚಿಕ್ಕದು: ಲಿನಕ್ಸ್‌ನಲ್ಲಿ ಅದು ನಡೆಯುವುದಿಲ್ಲ. ಕಾರಣ ಗ್ರಾಫಿಕ್ಸ್ ಅಲ್ಲ, ಮೋಸ ತಡೆಯಲೆಂದು ವಿಂಡೋಸ್ ಕರ್ನಲ್‌ನ ಒಳಗೇ ಕೂರುವ ವ್ಯಾನ್‌ಗಾರ್ಡ್. ಆ ಜಾಗವನ್ನು ಪ್ರೋಟಾನ್ ಅನುಕರಿಸಲಾರದು. ಮೋಸ ತಡೆಯುವ ಬೇರೆ ತಂತ್ರಾಂಶಗಳಾದ ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡೂ 2021ರಲ್ಲಿಯೇ ಪ್ರೋಟಾನ್‌ಗೆ ಬಾಗಿಲು ತೆರೆದಿವೆಯಾದರೂ ಚಿಲಕ ತೆಗೆಯಬೇಕಾದವರು ಆಯಾ ಆಟದ ತಯಾರಕರು. ಎಲ್ಡನ್ ರಿಂಗ್ ತೆಗೆದಿದೆ; ಫೋರ್ಟ್‌ನೈಟ್ ತೆಗೆದಿಲ್ಲ; ಅಪೆಕ್ಸ್ ಲೆಜೆಂಡ್ಸ್ ತೆಗೆದಿದ್ದು, 2024ರ ಅಕ್ಟೋಬರ್ ಕೊನೆಗೆ ಮತ್ತೆ ಹಾಕಿಕೊಂಡಿತು. ಸ್ಟೀಮ್‌ನ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು 2025ರ ಅಕ್ಟೋಬರ್‌ನಲ್ಲಿ 3% ದಾಟಿದ್ದು ದೊಡ್ಡ ಸುದ್ದಿಯಾಯಿತು. ತಯಾರಕರ ಕಣ್ಣಿಗೆ ಅದು ಇನ್ನೂ ಸಣ್ಣ ಸಂಖ್ಯೆಯೇ. ಆದ್ದರಿಂದ ಗೆಳೆಯರೊಂದಿಗಿನ ಆಟ ಬಿಡಲಾಗದಿದ್ದರೆ ಬೇರೊಂದು ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇಟ್ಟುಕೊಳ್ಳಿ, ಉಳಿದುದಕ್ಕೆಲ್ಲ ಲಿನಕ್ಸ್ ಸಾಕು. ನಿಮ್ಮ ಪಿಸಿಗೆ ಹೊಂದುವ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಆ ಡಿಸ್ಕಿನಿಂದ ಬ್ಯಾಂಕ್ ವ್ಯವಹಾರ ಬೇಡ. ಮುಂದೆ ಕಾರ್ಡ್ ಬದಲಿಸುವಾಗ ಎಎಂಡಿ ಕಡೆಗೆ ನೋಡಿದರೆ ಡಿಸೆಂಬರ್‌ನ ಈ ಪಾಡು ಮತ್ತೆ ಬರುವ ಸಂಭವ ಕಡಿಮೆ.

ಪ್ರಶ್ನೆ: ಎಎಂಡಿ ಕಾರ್ಡಿನ ಪಿಸಿಯನ್ನು 4ಕೆ ಟಿವಿಗೆ ಎಚ್‌ಡಿಎಂಐ ಮೂಲಕ ಜೋಡಿಸಿದ್ದೇನೆ. ವಿಂಡೋಸ್‌ನಲ್ಲಿ 120 ಹರ್ಟ್ಜ್ ಸಿಗುತ್ತದೆ, ಲಿನಕ್ಸ್‌ನಲ್ಲಿ 60 ಮಾತ್ರ. ಡ್ರೈವರ್ ಮರುಸ್ಥಾಪಿಸಿ ಸಾಕಾಗಿದೆ.
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಎಷ್ಟು ಸಲ ಮರುಸ್ಥಾಪಿಸಿದರೂ ಇದು ಬದಲಾಗದು. 4ಕೆ ಚಿತ್ರವನ್ನು ಪೂರ್ಣ ಬಣ್ಣದಲ್ಲಿ ಸೆಕೆಂಡಿಗೆ 120 ಸಲ ಕಳಿಸಲು ಎಚ್‌ಡಿಎಂಐ 2.1 ಬೇಕು. ಎಎಂಡಿ ಅದನ್ನು ತನ್ನ ಮುಕ್ತ ಡ್ರೈವರಿಗೆ ಬರೆದು ಒಪ್ಪಿಗೆ ಕೇಳಿದಾಗ, ಆ ಮಾನಕದ ಒಡೆತನವಿರುವ ಎಚ್‌ಡಿಎಂಐ ಫೋರಂ 2024ರಲ್ಲಿ ನಿರಾಕರಿಸಿತು, ಏಕೆಂದರೆ ಮುಕ್ತ ಮೂಲಸಂಕೇತವಾದರೆ ಮಾನಕದ ಒಳವಿವರ ಎಲ್ಲರಿಗೂ ಕಾಣುತ್ತದೆ. ಮೇಲಿನ ಉತ್ತರದಲ್ಲಿ ಹೊಗಳಿಸಿಕೊಂಡ ಮುಕ್ತತೆಯೇ ಇಲ್ಲಿ ಅಡ್ಡಬಂದಿದೆ. ಮುಚ್ಚಿದ ಭಾಗಗಳನ್ನು ಇಟ್ಟುಕೊಂಡ ಎನ್‌ವಿಡಿಯಾಗೆ ಈ ತೊಂದರೆಯಿಲ್ಲ. ಪರದೆ ಜೋಡಿಸುವ ಇನ್ನೊಂದು ಮಾನಕವಾದ ಡಿಸ್‌ಪ್ಲೇಪೋರ್ಟ್‌ಗೆ ಈ ಕಟ್ಟುಪಾಡು ಇಲ್ಲವಾದರೂ ಟಿವಿಗಳಲ್ಲಿ ಆ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐ 2.1ಕ್ಕೆ ಬದಲಿಸುವ ಆ್ಯಕ್ಟಿವ್ ಅಡಾಪ್ಟರ್ ಒಂದನ್ನು, ತೃಪ್ತಿಯಾಗದಿದ್ದರೆ ಹಿಂದಿರುಗಿಸುವ ಷರತ್ತಿನ ಮೇಲೆ, ಕೊಂಡು ನೋಡಿ. ಚಲಿಸುವ ಚಿತ್ರ ನಯವಾದರೆ ಸಾಕು ಎನ್ನುವುದಾದರೆ, ಬಣ್ಣದ ವಿವರವನ್ನು ಕಡಿತಗೊಳಿಸುವ 4:2:0 ಕ್ರಮದಲ್ಲಿ ಹಳೆಯ ಎಚ್‌ಡಿಎಂಐ 2.0 ಮೂಲಕವೂ 120 ಹರ್ಟ್ಜ್ ಸಾಗಬಲ್ಲದು. ಆಟದಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯದು, ಡೆಸ್ಕ್‌ಟಾಪಿನ ಸಣ್ಣ ಅಕ್ಷರಗಳ ಅಂಚು ಮಾತ್ರ ಮಸುಕಾಗುತ್ತದೆ.