ಓದುಗರ ಪ್ರಶ್ನೆಗೆ ಉತ್ತರ: ಡಂಡಿಯ ಒಂದು ಕೋಣೆಯ ಸಂಸಾರ

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಸೆಣಬಿನ ಗಿರಣಿಗಳಲ್ಲಿ ಹೆಂಗಸರೇ ಹೆಚ್ಚಾಗಿ ದುಡಿಯುತ್ತಿದ್ದರೆಂದೂ ಅವರ ಕುಟುಂಬಗಳು ಒಂದೇ ಕೋಣೆಯಲ್ಲಿ ಬದುಕುತ್ತಿದ್ದವೆಂದೂ ಓದಿದೆ. ತಾಯಿಯೇ ದಿನವಿಡೀ ಹೊರಗಿದ್ದರೆ ಆ ಮನೆ ನಡೆಯುತ್ತಿದ್ದುದು ಹೇಗೆ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಾವು ಓದಿದ್ದು ನಿಜ. 1861ರ ಜನಗಣತಿಯ ವೇಳೆಗೆ ಸ್ಕಾಟ್ಲೆಂಡಿನ ಮನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಒಂದೇ ಕೋಣೆಯವು. ಅವುಗಳಲ್ಲಿ ಸಾವಿರಾರು ಕೋಣೆಗಳಿಗೆ ಕಿಟಕಿಯೂ ಇರಲಿಲ್ಲ. ಕಲ್ಲಿನ ಎತ್ತರದ ಕಟ್ಟಡ, ಹಲವು ಸಂಸಾರಗಳಿಗೆ ಒಂದೇ ಮೆಟ್ಟಿಲು, ನೀರಿಗೂ ಶೌಚಕ್ಕೂ ಹೊರಗೆ ಇಳಿದು ಹೋಗಬೇಕಾದ ಪಾಡು. ಕೋಣೆಯ ಒಂದು ಗೋಡೆಗೆ ಕಲ್ಲಿದ್ದಲಿನ ಒಲೆ. ಅಡುಗೆ, ಬಿಸಿನೀರು, ಬಟ್ಟೆ ಒಣಗಿಸುವುದು, ಚಳಿ ಕಾಯುವುದು ಎಲ್ಲವೂ ಅದರ ಮುಂದೆಯೇ. ಇನ್ನೊಂದು ಗೋಡೆಯಲ್ಲಿ ಗೂಡಿನಂತೆ ಬಿಟ್ಟ ಜಾಗದಲ್ಲಿ ಅಪ್ಪ ಅಮ್ಮನ ಮಂಚ. ಅದರ ಅಡಿಯಿಂದ ರಾತ್ರಿ ಎಳೆದು ಬೆಳಿಗ್ಗೆ ಒಳಗೆ ದೂಡುವ, ಗಾಲಿಯಿದ್ದ ತಗ್ಗು ಹಾಸಿಗೆ ಮಕ್ಕಳದು. ಆ ಹಾಸಿಗೆಯನ್ನು ಒಳಗೆ ತಳ್ಳಿದ ಮೇಲೆಯೇ ನೆಲದ ಮೇಲೆ ನಡೆದಾಡಲು ಜಾಗವಾಗುತ್ತಿತ್ತು ಎಂದರೆ ಇಕ್ಕಟ್ಟು ಎಷ್ಟೆಂಬುದು ತಿಳಿದೀತು. ಅಂಥ ಮನೆ ಕೊಳಕಾಗಿತ್ತೆಂದು ತಾಯಿಯನ್ನು ದೂರುವವರು ಅಂದೂ ಇದ್ದರು. ಅದು ತೀರಾ ಅನ್ಯಾಯವೆಂದು ನನ್ನ ಭಾವನೆ.

ಸೆಣಬು ಬರುತ್ತಿದ್ದುದು ನಮ್ಮ ಬಂಗಾಳದಿಂದ. ಒರಟಾದ ಆ ನಾರನ್ನು ಮೆದುಗೊಳಿಸಲು ತಿಮಿಂಗಿಲದ ಎಣ್ಣೆ ಮತ್ತು ನೀರು ಬೆರೆಸುತ್ತಿದ್ದರು. ಡಂಡಿಯ ಬಂದರಿಗೆ ತಿಮಿಂಗಿಲ ಬೇಟೆಯ ಹಡಗುಗಳೂ ಬರುತ್ತಿದ್ದುದರಿಂದ ಎರಡೂ ಕಸುಬುಗಳು ಅಲ್ಲಿ ಕೂಡಿಬಂದವು. ಆ ಎಣ್ಣೆಯ ವಾಸನೆಯೂ ನಾರಿನ ಧೂಳೂ ದುಡಿಯುವವರ ಮೈಗೆ ಅಂಟಿ ಮನೆಯವರೆಗೂ ಬರುತ್ತಿದ್ದವು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಹೆಂಗಸರು ತುಟಿಯ ಚಲನೆಯಿಂದ, ಕೈಸನ್ನೆಯಿಂದ ಮಾತಾಡಿಕೊಳ್ಳುತ್ತಿದ್ದರು.

ಈಗ ತಮ್ಮ ಪ್ರಶ್ನೆಯ ತಿರುಳು. ಮುಂದೆ ಆಫ್ರಿಕಾದ ಕಲಬಾರಿಗೆ (ಇಂದಿನ ನೈಜೀರಿಯಾದಲ್ಲಿದೆ) ಕ್ರೈಸ್ತ ಮಿಷನರಿಯಾಗಿ ಹೋಗಿ ಹೆಸರಾದ ಮೇರಿ ಸ್ಲೆಸರ್ (ಜನನ 1848) ಇಂಥದೇ ಒಂದು ಮನೆಯ ಮಗಳು. ತಂದೆ ಚಮ್ಮಾರಿಕೆಯವನು, ಕುಡಿತಕ್ಕೆ ಬಿದ್ದವನು, ತಾಯಿ ನೇಕಾರಳು, ಮಕ್ಕಳು ಏಳು. ಹನ್ನೊಂದನೆಯ ವಯಸ್ಸಿಗೇ ಮೇರಿ ಅರ್ಧ ದಿನ ಗಿರಣಿಯಲ್ಲಿ, ಅರ್ಧ ದಿನ ಗಿರಣಿಯವರೇ ನಡೆಸುತ್ತಿದ್ದ ಶಾಲೆಯಲ್ಲಿ ಕಳೆಯತೊಡಗಿದಳು. ಹದಿನಾಲ್ಕರ ಹೊತ್ತಿಗೆ ಪೂರ್ತಿ ದಿನದ ಕೆಲಸಗಾರ್ತಿಯಾಗಿದ್ದಳು. ಇಂಥ ಮನೆಗಳಲ್ಲಿ ಒಬ್ಬರ ಸಂಬಳದಿಂದ ಹೊಟ್ಟೆ ತುಂಬುತ್ತಿರಲಿಲ್ಲ; ಓಟ್ಸ್ ಗಂಜಿ, ಆಲೂಗಡ್ಡೆ, ಬ್ರೆಡ್ಡು, ಚಹಾ, ಆಗೊಮ್ಮೆ ಹೆರಿಂಗ್ ಮೀನು, ಇಷ್ಟಕ್ಕೇ ತಾಯಿಯ ದುಡಿಮೆಯೂ ಮಕ್ಕಳ ದುಡಿಮೆಯೂ ಸೇರಬೇಕಾಗಿತ್ತು. ಹಸುಗೂಸುಗಳನ್ನು ನೋಡಿಕೊಳ್ಳುವ ಹೊಣೆ ಅಜ್ಜಿಯ ಮೇಲೆ, ನೆರೆಯವರ ಮೇಲೆ, ಅಥವಾ ಇನ್ನೂ ತಾನೇ ಮಗುವಾಗಿದ್ದ ಅಕ್ಕನ ಮೇಲೆ ಬೀಳುತ್ತಿತ್ತು.

ಗಂಡಸರ ಸ್ಥಿತಿಯನ್ನೂ ಹೇಳಲೇಬೇಕು. ಹೆಂಗಸರಿಗೂ ಹುಡುಗರಿಗೂ ಕಡಿಮೆ ಕೂಲಿ ಕೊಟ್ಟರೆ ಸಾಕಾಗುತ್ತಿದ್ದುದರಿಂದ, ಹುಡುಗರು ಬೆಳೆದು ಗಂಡಸಿನ ಕೂಲಿಗೆ ಹಕ್ಕುದಾರರಾಗುತ್ತಿದ್ದಂತೆ ಅನೇಕರನ್ನು ಕೆಲಸದಿಂದ ಬಿಡಿಸುತ್ತಿದ್ದರು. ಹೀಗೆ ಕೆಲಸವಿಲ್ಲದೆ ಮನೆಯಲ್ಲುಳಿದ ಗಂಡಸರಿಗೆ ಡಂಡಿಯಲ್ಲಿ ‘ಕೆಟಲ್ ಕುದಿಸುವವರು’ ಎಂಬ ಅಡ್ಡಹೆಸರೇ ಬಿತ್ತು. ದುಡಿದು ಬರುವ ಹೆಂಡತಿಗಾಗಿ ಒಲೆ ಹೊತ್ತಿಸಿ, ಚಹಾಕ್ಕೆ ನೀರಿಟ್ಟು ಕಾಯುತ್ತಿದ್ದವರು ಅವರೇ.