ದೃಷ್ಟಿ ಮರಳಿಸುವ ಸಂಸ್ಥೆಗಳಿಗೆ ಜನ ಏಕೆ ದೇಣಿಗೆ ಕೊಡುತ್ತಾರೆ?

ಪ್ರಾಣಕ್ಕೆ ಕುತ್ತು ತರುವ ಕಾಯಿಲೆಗಳು ಇಷ್ಟೊಂದು ಇರುವಾಗ, ಕಣ್ಣಿನ ಚಿಕಿತ್ಸೆ ಮಾಡಿಸುವ ದತ್ತಿ ಸಂಸ್ಥೆಗಳಿಗೆ ಜನ ಅಷ್ಟು ಒಲವಿನಿಂದ ಹಣ ಕೊಡುವುದೇಕೆ, ಅದು ಕೇವಲ ಮನ ಕರಗಿಸುವ ಚಿತ್ರಗಳ ಪ್ರಭಾವವಲ್ಲವೇ ಎಂದು ನೀವು ಕೇಳಿದ್ದೀರಿ. ಹನ್ನೊಂದು ವರ್ಷಗಳಿಂದ ಇಂತಹ ಒಂದು ಸಂಸ್ಥೆಗೆ ತಿಂಗಳು ತಿಂಗಳೂ ಹಣ ಕೊಡುತ್ತ ಬಂದಿದ್ದೇನೆ. ಎಲ್ಲ ದಾನಿಗಳ ಮನಸ್ಸನ್ನು ಬಲ್ಲೆನೆಂದು ಹೇಳಲಾರೆ. ನನ್ನನ್ನು ಈ ಕೆಲಸಕ್ಕೆ ಕಟ್ಟಿಹಾಕಿದ್ದು ಏನೆಂಬುದನ್ನು ಹೇಳಬಲ್ಲೆ. ಜಗತ್ತಿನಲ್ಲಿ ಕಣ್ಣು ಕಾಣದೆ ಬದುಕುತ್ತಿರುವವರಲ್ಲಿ ಬಹಳಷ್ಟು ಜನ, ಔಷಧ ಇನ್ನೂ ಪತ್ತೆಯಾಗದ ಯಾವುದೋ ರೋಗಕ್ಕೆ ಸಿಕ್ಕವರಲ್ಲ. ಚಿಕಿತ್ಸೆ ದಶಕಗಳ ಹಿಂದೆಯೇ ಸಿದ್ಧವಾಗಿದ್ದರೂ ತಮ್ಮ ಸರದಿ ಬಾರದೆ ಕತ್ತಲಲ್ಲಿ ಕಾಯುತ್ತಿರುವವರು ಅವರು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ದೃಷ್ಟಿ ಕುರಿತ ವರದಿಯ ಪ್ರಕಾರ, ಕನಿಷ್ಠ 220 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ದೃಷ್ಟಿದೋಷವಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆಯನ್ನು ತಡೆಯಬಹುದಾಗಿತ್ತು, ಇಲ್ಲವೇ ಈಗಲೂ ಸರಿಪಡಿಸಬಹುದಾಗಿದೆ. ಈ ನೂರು ಕೋಟಿಯಲ್ಲಿ ಹೆಚ್ಚಿನವರಿಗೆ ಬೇಕಿರುವುದು ಒಂದು ಜೊತೆ ಕನ್ನಡಕ ಅಥವಾ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ, ಅಷ್ಟೆ. ಅಂಧತ್ವಕ್ಕೆ ಅತಿ ದೊಡ್ಡ ಕಾರಣವಾದ ಕಣ್ಣಿನ ಪೊರೆ, ಸಾಕಷ್ಟು ಕಾಲ ಬದುಕಿದರೆ ನಮ್ಮಲ್ಲಿ ಹೆಚ್ಚಿನವರಿಗೂ ಬರುವಂಥದ್ದೇ.

ನನಗೂ ಅದು ಐವತ್ತೆಂಟನೆಯ ವಯಸ್ಸಿನಲ್ಲಿ ಬಂತು. ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ನಾನು ಒಂದೊಂದೇ ಕಣ್ಣನ್ನು ಮುಚ್ಚಿ ಎದುರಿನ ಗೋಡೆಯನ್ನು ನೋಡಿದೆ. ಚಿಕಿತ್ಸೆಯಾದ ಕಣ್ಣಿಗೆ ಅದು ಬೆಳ್ಳಗಿತ್ತು. ಇನ್ನೊಂದಕ್ಕೆ ಹಳೆಯ ಕಾಗದದಂತೆ ಹಳದಿಗಟ್ಟಿತ್ತು. ಪೊರೆ ಬೆಳೆದಂತೆ ಕಣ್ಣಿನೊಳಗಿನ ಮಸೂರ ಹಳದಿಯಾಗಿ ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲವೆಂದು ವೈದ್ಯರು ವಿವರಿಸಿದರು. ಅಂದರೆ ಎಷ್ಟೋ ವರ್ಷಗಳಿಂದ ನೀಲಿ ಬಣ್ಣ ನನ್ನಿಂದ ಸ್ವಲ್ಪ ಸ್ವಲ್ಪವೇ ಜಾರಿಹೋಗುತ್ತಿತ್ತು, ಹೋಗುತ್ತಿದೆಯೆಂಬುದೇ ನನಗೆ ತಿಳಿದಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಹಿಡಿದದ್ದು ಇಪ್ಪತ್ತು ನಿಮಿಷಕ್ಕಿಂತ ಕಡಿಮೆ. ಅದಕ್ಕಾಗಿ ನಾನು ಕಾದದ್ದು ಮೂರು ವಾರ. ಇದೇ ಪೊರೆ, ಇದೇ ವಯಸ್ಸು, ಇದೇ ಕಣ್ಣುಳ್ಳ ಇನ್ನೊಬ್ಬರು ಎಂಟು ಹತ್ತು ವರ್ಷ ಗೋಡೆ ತಡವಿಕೊಂಡು ನಡೆಯುತ್ತಿದ್ದರೆ ಅವರಿಗೂ ನನಗೂ ಇರುವ ವ್ಯತ್ಯಾಸ ದೇಹದ್ದಲ್ಲ ಎಂಬ ಅರಿವು ಅಂದು ಬಂತು, ಆಮೇಲೆ ಹೋಗಲಿಲ್ಲ.

ಈ ಚಿಕಿತ್ಸೆ ಇಷ್ಟು ಸರಳವಾದದ್ದು ತಾನಾಗಿಯೇ ಅಲ್ಲ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಮುಚ್ಚಿಗೆ ಒಡೆದು ಅದರ ಚೂರುಗಳು ಕಣ್ಣಿಗೆ ಹೊಕ್ಕಿದ್ದ ಪೈಲಟ್‌ಗಳನ್ನು ಕಂಡ ಬ್ರಿಟಿಷ್ ವೈದ್ಯ ಹೆರಾಲ್ಡ್ ರಿಡ್ಲಿ, ಆ ಚೂರುಗಳನ್ನು ಕಣ್ಣು ಸಹಿಸಿಕೊಂಡಿರುವುದನ್ನು ಗಮನಿಸಿ, 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೃತಕ ಮಸೂರವನ್ನು ಕಣ್ಣಿನೊಳಗೆ ಕೂರಿಸಿದರು. ಅದಕ್ಕೆ ಮೊದಲು ಪೊರೆಗಟ್ಟಿದ ಮಸೂರವನ್ನು ತೆಗೆಸಿಕೊಂಡವರು ಸೀಸೆಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಧರಿಸಬೇಕಿತ್ತು. ಕನ್ನಡಕ ಒಡೆದರೆ ಮತ್ತೆ ಕತ್ತಲೆ. ಆದರೆ ಮಸೂರ ಬಂದ ಮೇಲೂ ಅದರ ಬೆಲೆ ಬಡವರ ಕೈಗೆಟುಕದೆ ದಶಕಗಳೇ ಕಳೆದವು. 1976ರಲ್ಲಿ ಮಧುರೆಯಲ್ಲಿ ಹನ್ನೊಂದು ಹಾಸಿಗೆಗಳೊಂದಿಗೆ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಆರಂಭಿಸಿದ ಡಾ. ಜಿ. ವೆಂಕಟಸ್ವಾಮಿಯವರು, ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತ, ಹಣ ಕೊಡಬಲ್ಲವರಿಂದ ಬಂದ ಆದಾಯದಲ್ಲಿ ಕೊಡಲಾರದವರಿಗೂ ಚಿಕಿತ್ಸೆ ನೀಡುವ ಪದ್ಧತಿಯನ್ನು ಕಟ್ಟಿದರು. 1992ರಲ್ಲಿ ಅದೇ ಬಳಗ ಆರೋಲ್ಯಾಬ್ ಎಂಬ ತನ್ನದೇ ಘಟಕದಲ್ಲಿ ಮಸೂರ ತಯಾರಿಸತೊಡಗಿದ ಮೇಲೆ, ಹಿಂದೆ ಆಮದು ಮಾಡಿಕೊಳ್ಳಬೇಕಿದ್ದ ವಸ್ತು ಅದರ ಬೆಲೆಯ ಸಣ್ಣದೊಂದು ಭಾಗಕ್ಕೆ ದೊರೆಯುವಂತಾಯಿತು. ದಾನಿಯ ಹಣ ಇಷ್ಟು ದೂರ ಓಡುವುದು ಇಂತಹವರು ಮೊದಲೇ ದಾರಿ ಸವೆಸಿದ್ದರಿಂದ.

ಇನ್ನು ಮನಸ್ಸಿನ ಮಾತು. ಕಣ್ಣು ಮುಚ್ಚಿ ನಾಲ್ಕು ಹೆಜ್ಜೆ ನಡೆದರೆ ಸಾಕು, ದೃಷ್ಟಿ ಹೋದರೆ ಏನಾಗುತ್ತದೆಂಬುದರ ಸಣ್ಣ ಅಂದಾಜು ಯಾರಿಗಾದರೂ ಸಿಗುತ್ತದೆ. ಬೇರೆ ಕಾಯಿಲೆಗಳ ನೋವು ಹೀಗೆ ಊಹೆಗೆ ಸುಲಭವಾಗಿ ನಿಲುಕುವುದಿಲ್ಲ. ಅದರ ಜೊತೆಗೆ, ಕೊಟ್ಟದ್ದರ ಫಲ ಇಲ್ಲಿ ಬೇಗ ಕೈಗೂಡುತ್ತದೆ. ಬಡತನದ ವಿರುದ್ಧ ಕೊಟ್ಟ ಹಣ ಎಲ್ಲಿ ಹೋಯಿತೆಂದು ಹೇಳುವುದು ಕಷ್ಟ. ಪೊರೆ ತೆಗೆದ ಕಣ್ಣು ಮರುದಿನವೇ ಉತ್ತರ ಕೊಡುತ್ತದೆ. ಆ ಉತ್ತರ ಒಬ್ಬರಿಗೇ ಸೀಮಿತವೂ ಅಲ್ಲ. ಕಣ್ಣು ಕಾಣದ ಹಿರಿಯರ ಕೈಹಿಡಿದು ನಡೆಸಲು ಎಷ್ಟೋ ಮನೆಗಳಲ್ಲಿ ಒಂದು ಮಗು ಶಾಲೆ ಬಿಟ್ಟಿರುತ್ತದೆ, ಹಿರಿಯರಿಗೆ ದೃಷ್ಟಿ ಬಂದ ದಿನ ಆ ಮಗುವಿನ ಕೈಯೂ ಬಿಡುವಾಗುತ್ತದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಸಾಮಾನ್ಯ ಚಾಳೀಸು ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕನ್ನಡಕ ಸಿಕ್ಕವರ ದುಡಿಮೆಯ ಏರಿಕೆ ಸಿಗದವರ ಏರಿಕೆಗಿಂತ ಶೇಕಡಾ 20ಕ್ಕೂ ಹೆಚ್ಚಿತ್ತು. ಒಂದು ಜೊತೆ ಗಾಜು ಮಾಡಿದ ಕೆಲಸವಿದು.

ಚಿತ್ರಗಳ ಬಗ್ಗೆ ನೀವು ಎತ್ತಿದ ಸಂದೇಹ ನ್ಯಾಯವಾದದ್ದೇ. ಪಟ್ಟಿ ಬಿಚ್ಚಿದ ಕ್ಷಣದ ನಗುಮುಖ ದಾನಿಗಳನ್ನು ಸೆಳೆಯುತ್ತದೆ. ಆದರೆ ಎಲ್ಲ ಅಂಧತ್ವವೂ ಹೀಗೆ ಕೊನೆಗೊಳ್ಳುವುದಿಲ್ಲ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾದಿಂದ ಹೋದ ದೃಷ್ಟಿಯನ್ನು ಮರಳಿಸಲು ಆಗುವುದಿಲ್ಲ, ಉಳಿದದ್ದನ್ನು ಕಾಪಾಡಬಹುದಷ್ಟೆ. ಸೋಂಕಿನಿಂದ ರೆಪ್ಪೆಗೂದಲು ಒಳಮುಖವಾಗಿ ತಿರುಗಿ ಕಣ್ಣನ್ನೇ ಗೀರುವ ಟ್ರಕೋಮಾದ ವಿರುದ್ಧದ ಕೆಲಸದಲ್ಲಿ ಶಸ್ತ್ರಚಿಕಿತ್ಸೆಯ ಜೊತೆಗೆ ಮಾತ್ರೆ ಹಂಚುವುದು, ಮುಖ ತೊಳೆಯುವ ಅಭ್ಯಾಸ, ನೀರು, ಶೌಚಾಲಯ ಎಲ್ಲವೂ ಬೇಕು, ಇವುಗಳಲ್ಲಿ ಒಂದೂ ಚೆಂದದ ಚಿತ್ರವಾಗುವುದಿಲ್ಲ. ದೃಷ್ಟಿಯಿಲ್ಲದ ಬಾಳು ಬಾಳೇ ಅಲ್ಲವೆಂಬಂತೆ ಬರೆಯುವ ಮನವಿಗಳಂತೂ ನನಗೆ ಸಹಿಸಲಾಗದವು. ಇಂದು ಸೈಟ್‌ಸೇವರ್ಸ್ ಎಂದು ಹೆಸರಾದ ಸಂಸ್ಥೆಯನ್ನು 1950ರಲ್ಲಿ ಸ್ಥಾಪಿಸಿದ ಜಾನ್ ವಿಲ್ಸನ್ ಅವರು ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯ ಪ್ರಯೋಗಾಲಯದ ಸ್ಫೋಟದಲ್ಲಿ ದೃಷ್ಟಿ ಕಳೆದುಕೊಂಡವರು. ತಮ್ಮ ಕಣ್ಣಿಗೆ ಇಲ್ಲದ ಪರಿಹಾರ ಲಕ್ಷಾಂತರ ಜನರ ಕಣ್ಣಿಗೆ ಇದೆಯೆಂದು ತಿಳಿದು ಅದನ್ನು ತಲುಪಿಸಲು ಜೀವಮಾನವಿಡೀ ದುಡಿದರು.

ನೀವೂ ಕೊಡುವ ಯೋಚನೆಯಲ್ಲಿದ್ದರೆ, ಸಂಸ್ಥೆ ವರ್ಷಕ್ಕೆ ಎಷ್ಟು ಶಸ್ತ್ರಚಿಕಿತ್ಸೆ ಮಾಡಿಸಿತು ಎಂದು ಕೇಳಿ ಸುಮ್ಮನಾಗಬೇಡಿ. ಆ ಬಳಿಕ ಅವರಲ್ಲಿ ಎಷ್ಟು ಮಂದಿಗೆ ಚೆನ್ನಾಗಿ ಕಾಣುತ್ತಿದೆಯೆಂದು ಕೇಳಿ. ಪೊರೆ ತೆಗೆದ ಮೇಲೂ ಸರಿಯಾದ ಕನ್ನಡಕ ಸಿಗದೆಯೋ, ಸೋಂಕು ತಗುಲಿಯೋ ಮಬ್ಬಿನಲ್ಲೇ ಉಳಿದುಬಿಡುವವರಿದ್ದಾರೆ. 2021ರಲ್ಲಿ ವಿಶ್ವ ಆರೋಗ್ಯ ಸಭೆ 2030ಕ್ಕೆಂದು ಇಟ್ಟುಕೊಂಡ ಗುರಿಯೂ ಇದೇ ಅಳತೆಯದು: ಶಸ್ತ್ರಚಿಕಿತ್ಸೆ ಬೇಕಿದ್ದವರಲ್ಲಿ ಅದನ್ನು ಪಡೆದು ನಿಜವಾಗಿ ಒಳ್ಳೆಯ ದೃಷ್ಟಿ ಪಡೆದವರ ಪಾಲು ಶೇಕಡಾವಾರು ಲೆಕ್ಕದಲ್ಲಿ 30 ಅಂಶಗಳಷ್ಟು ಏರಬೇಕು. ನಾನು ಹಣ ಕಳುಹಿಸುವ ಸಂಸ್ಥೆ ತನ್ನ ವಾರ್ಷಿಕ ವರದಿಯಲ್ಲಿ ಈ ಲೆಕ್ಕವನ್ನು ಕೊಡುತ್ತದೆ. ವರದಿ ಬಂದಾಗ ನಾನು ಮೊದಲು ತೆರೆಯುವುದು ಆ ಪುಟವನ್ನೇ.