ಮ್ಯಾನ್‌ಹಟನ್‌ನ ಸರಕು ರೈಲು ಕಟ್ಟಡಗಳ ಒಳಗೆ ಹಾದುದೇಕೆ?

ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಸರಕು ಸಾಗಿಸಲು ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಹೈಲೈನ್ ರೈಲು ಮಾರ್ಗವನ್ನು ರಸ್ತೆಯ ಮೇಲೆ ಕಟ್ಟದೆ ಕಟ್ಟಡಗಳ ನಡುವೆ ಏಕೆ ಒಯ್ದರು, ಹಡ್ಸನ್ ನದಿಯಾಚೆಯ ಸರಕು ನ್ಯೂಯಾರ್ಕ್‌ಗೆ ಹೇಗೆ ಬರುತ್ತಿತ್ತು ಎಂದು ತಾವು ಕೇಳಿದ್ದೀರಿ.

ಮೊದಲಿನ ಹಳಿಗಳು ಹತ್ತನೆಯ ಅವೆನ್ಯೂದಲ್ಲಿ ನೆಲದ ಮೇಲೆಯೇ ಇದ್ದವು. ರೈಲಿನ ಮುಂದೆ ಕುದುರೆ ಸವಾರರು ಎಚ್ಚರಿಸುತ್ತ ಸಾಗುತ್ತಿದ್ದರೂ ಸಾವುಗಳು ನಿಲ್ಲದ ಕಾರಣ, ಆ ರಸ್ತೆಯನ್ನು ಜನರು ಸಾವಿನ ಬೀದಿ ಎಂದೇ ಕರೆಯುತ್ತಿದ್ದರು. 1934ರಲ್ಲಿ ಆರಂಭವಾದ ಎತ್ತರಿಸಿದ ಮಾರ್ಗವು ರಸ್ತೆಯ ಮೇಲೆ ನಿಂತಿದ್ದರೆ ಕೆಳಗೆಲ್ಲ ಕತ್ತಲೆ ಕವಿಯುತ್ತಿತ್ತು. ಅದನ್ನು ಕಟ್ಟಡಸಾಲುಗಳ ಮಧ್ಯೆ ಒಯ್ದದ್ದರಿಂದ ಆ ತೊಂದರೆ ತಪ್ಪಿತಲ್ಲದೆ, ಮಾಂಸ, ಹಾಲು ಮುಂತಾದ ಸರಕು ತುಂಬಿದ ವ್ಯಾಗನ್‌ಗಳು ಕಾರ್ಖಾನೆ ಮತ್ತು ಗೋದಾಮುಗಳ ಮೇಲಂತಸ್ತಿಗೇ ನೇರವಾಗಿ ತಲುಪುವಂತಾಯಿತು. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಅನುಕೂಲವೇ ಹೆಚ್ಚು ತೂಕದ್ದು. ಲಾರಿ ಸಾಗಣೆ ಬೆಳೆದಂತೆ ಮಾರ್ಗ ಸೊರಗಿ, 1980ರಲ್ಲಿ ಕೊನೆಯ ರೈಲು ಓಡಿತು.

ನದಿಯ ವಿಷಯ ಇನ್ನೂ ಕುತೂಹಲಕರ. ಪಶ್ಚಿಮದಿಂದ ಬರುವ ಹೆಚ್ಚಿನ ರೈಲು ಕಂಪನಿಗಳ ಹಳಿಗಳು ನದಿಯಾಚೆಯ ನ್ಯೂಜೆರ್ಸಿ ದಡದಲ್ಲೇ ಮುಗಿಯುತ್ತಿದ್ದುದರಿಂದ, ಹಳಿ ಜೋಡಿಸಿದ ದೋಣಿಗಳ ಮೇಲೆ ವ್ಯಾಗನ್‌ಗಳನ್ನೇ ಏರಿಸಿ, ಟಗ್ ಎಂಬ ಎಳೆಯುವ ಹಡಗುಗಳಿಂದ ಎಳೆಸಿ ದಾಟಿಸುತ್ತಿದ್ದರು. 1910ರಲ್ಲಿ ತೆರೆದ ಪೆನ್ಸಿಲ್ವೇನಿಯಾ ರೈಲು ಕಂಪನಿಯ ನದಿಯಡಿಯ ಸುರಂಗಗಳು ಪ್ರಯಾಣಿಕರಿಗಾಗಿ ಇದ್ದವೇ ಹೊರತು ಸರಕಿಗಲ್ಲ. ಸರಕಿಗೆ ಪ್ರತ್ಯೇಕ ಸುರಂಗ ಇಂದಿಗೂ ಆಗಿಲ್ಲ. ನ್ಯೂಜೆರ್ಸಿಯ ಗ್ರೀನ್‌ವಿಲ್‌ನಿಂದ ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೆ ದೋಣಿ ಸಾಗಣೆ ಈಗಲೂ ಉಳಿದಿದೆ, ಬೇರೆ ರೈಲುಗಳು ಬಹು ದೂರ ಉತ್ತರಕ್ಕೆ, ಆಲ್ಬನಿ ಸಮೀಪದ ಸೆಲ್ಕಿರ್ಕ್‌ವರೆಗೆ ಸುತ್ತಿ ಬರುತ್ತವೆ.